ಕಂದು ಗೆರೆಯ ದಾರಿ

ನಾವು ಎಂಟನೇ ಕ್ಲಾಸಿನಲ್ಲಿದ್ದಾಗ ಭೂಗೋಳದ ಮೇಡಂ ಹೆರಿಗೆ ರಜೆಗೆ ಹೋದರು. ಹೋಗುವಾಗ ಭೂಮಿಯನ್ನು ಅರ್ಧಕ್ಕೇ ಬಿಟ್ಟು ಹೋದರು. ಗ್ರಹಗಳು ಮುಗಿದಿದ್ದವು, ಗಾಳಿ ಮಳೆ ಮುಗಿದಿದ್ದವು, ‘ನಕ್ಷೆ ಓದುವುದು’ ಅನ್ನುವ ಪಾಠದ ಮೊದಲ ಪುಟ ತೆರೆದಿತ್ತು ಅಷ್ಟೇ. ಬದಲಿ ಟೀಚರು ಬರುತ್ತಾರೆ ಅಂತ ಹದಿನೈದು ದಿನ ಕಾದೆವು. ಯಾರೂ ಬರಲಿಲ್ಲ. ಆ ಪೀರಿಯಡ್ಡಿನಲ್ಲಿ ನಾವು ಮಾಡುತ್ತಿದ್ದ ಗಲಾಟೆ ಮಾತ್ರ ದಿನಕ್ಕೊಂದು ಕೋಣೆ ದಾಟುತ್ತಾ ಕೊನೆಗೆ ದೊಡ್ಡಮೇಡಂ ಕೋಣೆಗೆ ತಲುಪಿತು.

ದೊಡ್ಡಮೇಡಂ ಅಂದರೆ ನಮ್ಮ ಹೆಡ್‌ಮಿಸ್ಟ್ರೆಸ್. ಎತ್ತರದಲ್ಲಿ ನನಗಿಂತ ಒಂದು ಗೇಣು ಕಮ್ಮಿ. ಆದರೆ ಅವರು ಕಾರಿಡಾರಿನಲ್ಲಿ ಒಮ್ಮೆ ಕೆಮ್ಮಿದರೆ ಹತ್ತನೇ ಕ್ಲಾಸಿನ ಮೀಸೆ ಬಂದ ಹುಡುಗರೂ ಹಲ್ಲಿಗಳ ಹಾಗೆ ಗೋಡೆಗೆ ಅಂಟಿಕೊಳ್ಳುತ್ತಿದ್ದರು. ಅವರು ಟೈಂಟೇಬಲ್ ತೆಗೆದು ಮೂರನೇ ಪೀರಿಯಡ್ಡಿನಲ್ಲಿ ಯಾರು ಬಿಡುವಾಗಿದ್ದಾರೆ ಅಂತ ನೋಡಿದರು. ಒಬ್ಬರೇ ಇದ್ದರು. ಡ್ರಿಲ್ ಮೇಷ್ಟ್ರು.

ಡ್ರಿಲ್ ಮೇಷ್ಟ್ರನ್ನು ನಾವು ಸೀಟಿ ಮೇಷ್ಟ್ರು ಅನ್ನುತ್ತಿದ್ದೆವು. ಅವರ ಕೊರಳಿನಲ್ಲಿ ಯಾವಾಗಲೂ ಒಂದು ಸೀಟಿ. ಮದುವೆಗೆ ಹೋದರೂ ಸೀಟಿ, ಆಸ್ಪತ್ರೆಗೆ ಹೋದರೂ ಸೀಟಿ. ಸ್ನಾನ ಮಾಡುವಾಗ ತೆಗೆಯುತ್ತಾರೋ ಇಲ್ಲವೋ ಅನ್ನುವುದರ ಮೇಲೆ ನಮ್ಮ ಕ್ಲಾಸಿನಲ್ಲಿ ಎರಡು ಪಕ್ಷಗಳಿದ್ದವು. ಐವತ್ತರ ಹತ್ತಿರದ ಮನುಷ್ಯ, ಗಟ್ಟಿ ಮೈ, ಅದಕ್ಕಿಂತ ಗಟ್ಟಿ ದನಿ. ಅವರಿಗೆ ಗೊತ್ತಿದ್ದ ದಿಕ್ಕುಗಳು ಮೂರೇ: ಎಡ, ಬಲ, ಹಿಂದಕ್ಕೆ ತಿರುಗ್.

ದೊಡ್ಡಮೇಡಂ ಅವರನ್ನು ಕರೆಸಿದಾಗ ನಾನು ಅದೇ ಕೋಣೆಯ ಹೊರಗೆ ಶಿಕ್ಷೆಗೆ ನಿಂತಿದ್ದೆ. ಹಾಗಾಗಿ ಎಲ್ಲಾ ಕೇಳಿಸಿತು.

“ಮೇಡಂ, ಭೂಮಿ ಮೇಲೆ ಮಕ್ಕಳನ್ನ ಓಡಿಸೋದು ನನ್ನ ಕೆಲಸ. ಭೂಮಿ ವಿಚಾರ ನನಗೇನು ಗೊತ್ತು?”

“ಇಪ್ಪತ್ತೈದು ವರ್ಷದಿಂದ ಅದರ ಮೇಲೇ ನಿಂತಿದ್ದೀರಲ್ಲ, ಇನ್ನೂ ಪರಿಚಯ ಆಗಿಲ್ವಾ?”

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ ಹಾಗಾಯ್ತು ಮೇಡಂ ಇದು.”

“ಎಮ್ಮೆ ಯಾರು ಅಂತ ಆಮೇಲೆ ನೋಡೋಣ. ನಾಳೆ ಮೂರನೇ ಪೀರಿಯಡ್ಡು, ಎಂಟನೇ ಕ್ಲಾಸು.”

ಮೇಷ್ಟ್ರು ಹೊರಗೆ ಬಂದು ನನ್ನನ್ನು ನೋಡಿದರು. ನಾನು ನಗು ತಡೆದುಕೊಂಡಿದ್ದು ಅವರಿಗೆ ಗೊತ್ತಾಯಿತು. “ಏಯ್ ಗರಗಸ,” ಅಂದರು. ನಮ್ಮಪ್ಪ ಬಡಗಿ, ನನ್ನ ದನಿಯೂ ಸ್ವಲ್ಪ ಕರ್ಕಶ, ಹಾಗಾಗಿ ನನಗೆ ಆ ಹೆಸರು. “ಇಲ್ಲಿ ಕೇಳಿದ್ದು ಇಲ್ಲೇ ಇರ್ಲಿ.”

ಇರುತ್ತಿತ್ತೇನೋ. ಆದರೆ ನನ್ನ ಪಕ್ಕ ಕೂರುತ್ತಿದ್ದ ಗೆಳತಿಯ ಹೆಸರು ರೇಡಿಯೋ. ಅವಳಿಗೆ ಹೇಳದೆ ನನಗೆ ಊಟ ಸೇರುತ್ತಿರಲಿಲ್ಲ. ಅವಳಿಗೆ ಹೇಳಿದ ಮೇಲೆ ಊರಿಗೆ ಬೇರೆ ಹೇಳಬೇಕಾಗಿರಲಿಲ್ಲ.

ಮಾರನೇ ದಿನ ಮೇಷ್ಟ್ರು ದೊಡ್ಡದೊಂದು ಗೋಡೆ ನಕ್ಷೆಯನ್ನು ಬಂದೂಕಿನ ಹಾಗೆ ಹೆಗಲ ಮೇಲಿಟ್ಟುಕೊಂಡು ಬಂದರು. ಮೊಳೆಗೆ ನೇತು ಹಾಕಿ, ಪುಸ್ತಕ ಬಿಡಿಸಿ, ಮೊದಲ ಸಾಲು ಓದಿದರು. “ನಕ್ಷೆಯಲ್ಲಿ ಉತ್ತರ ಮೇಲಿರುತ್ತದೆ.” ಪುಸ್ತಕ ಮುಚ್ಚಿ ಬೆರಳೆತ್ತಿ ಸೀಲಿಂಗ್ ಫ್ಯಾನ್ ತೋರಿಸಿದರು. “ಎಲ್ಲಿ ಉತ್ತರ?”

“ಮೇಲೆ ಸಾರ್!” ಅಂತ ಮೂವತ್ತೊಂದು ಜನ ಕಿರುಚಿದೆವು.

ರೇಡಿಯೋ ಎದ್ದು ನಿಂತಳು. “ಸಾರ್, ಉತ್ತರ ಮೇಲಿದ್ರೆ ಉತ್ತರಕ್ಕೆ ಹೋಗೋ ಬಸ್ಸು ಹೇಗೆ ಹೋಗುತ್ತೆ?”

“ಏಣಿ ಹಾಕ್ಕೊಂಡು!” ಅಂತ ಹಿಂದಿನ ಬೆಂಚಿನಿಂದ ಯಾರೋ ಅಂದರು.

ಬೇರೆ ಮೇಷ್ಟ್ರಾಗಿದ್ದರೆ ಹೊಡೆಯುತ್ತಿದ್ದರು. ಇವರು ಯೋಚನೆಗೆ ಬಿದ್ದರು. ನಕ್ಷೆಯನ್ನು ಮೊಳೆಯಿಂದ ಬಿಡಿಸಿ ನೆಲದ ಮೇಲೆ ಹಾಸಿದರು. ಈಗ ಉತ್ತರ ಫ್ಯಾನಿನಿಂದ ಇಳಿದು ಬಾಗಿಲ ಕಡೆ ಹೋಯಿತು. ನಕ್ಷೆ ತಿರುಗಿಸಿದರು. ಉತ್ತರ ಕಸದ ಬುಟ್ಟಿಗೆ ಬಂತು. ಇನ್ನೊಂದು ಸಲ ತಿರುಗಿಸಿದರು. ಅವರ ಹಣೆಯಲ್ಲಿ ಬೆವರು. ಕೊನೆಗೆ ತಮಗೆ ಗೊತ್ತಿದ್ದ ವಿದ್ಯೆಯನ್ನೇ ಹಿಡಿದರು. “ಎಲ್ಲರೂ ಎದ್ದು ನಿಲ್ಲಿ! ಉತ್ತರಕ್ಕೆ… ತಿರುಗ್!”

ಮೂವತ್ತೊಂದು ಜನ ಹತ್ತು ದಿಕ್ಕಿಗೆ ತಿರುಗಿದೆವು. ಇಬ್ಬರ ತಲೆ ಡಿಕ್ಕಿ ಹೊಡೆಯಿತು. ಮೇಷ್ಟ್ರು ಕಪ್ಪು ಹಲಗೆಯ ಕಡೆ ಮುಖ ಮಾಡಿ ನಿಂತಿದ್ದರು. “ಇದೇ ಉತ್ತರ,” ಅಂದುಬಿಟ್ಟರು. ನಾವು ಬರೆದುಕೊಂಡೆವು. ಮಾರನೇ ದಿನ ಬೆಳಿಗ್ಗೆ ಬಂದು ನೋಡಿದರೆ ಸೂರ್ಯ ಆ ಉತ್ತರದಿಂದಲೇ ಎದ್ದು ಬಂದಿದ್ದ.

ಅವತ್ತು ಸಂಜೆ ನಮ್ಮ ಮನೆಗೆ ಮೇಷ್ಟ್ರು ಬಂದರು. ಕೈಯಲ್ಲಿ ಕಾಲು ಮುರಿದ ಒಂದು ಕುರ್ಚಿ. ನಮ್ಮ ಮನೆಯ ಮುಂದಿನ ಕೋಣೆಯೇ ಅಪ್ಪನ ಕಾರ್ಖಾನೆ. ಒಳಗೆ ಬರಬೇಕಾದರೆ ಮರದ ಹೊಟ್ಟು ತುಳಿದೇ ಬರಬೇಕು. ನಾನು ಒಳಕೋಣೆಯಲ್ಲಿ ಲೆಕ್ಕ ಮಾಡುತ್ತಿದ್ದೆ. ಕುರ್ಚಿಯ ವಿಚಾರ ಎರಡು ನಿಮಿಷಕ್ಕೆ ಮುಗಿಯಿತು. ಮೇಷ್ಟ್ರು ಹೋಗಲಿಲ್ಲ. ಉಳಿ ಎತ್ತಿ ನೋಡಿದರು, ಇಟ್ಟರು. ಕೀಸುಳಿ ಎತ್ತಿ ನೋಡಿದರು, ಇಟ್ಟರು.

“ಅಲ್ಲ ಯಜಮಾನ್ರೇ,” ಅಂದರು ಕೊನೆಗೆ, ದನಿ ತಗ್ಗಿಸಿ. ಅವರ ತಗ್ಗಿದ ದನಿ ನಮ್ಮ ಅಡುಗೆಮನೆವರೆಗೂ ಕೇಳುತ್ತದೆ. “ಈ ಸ್ಕೇಲು ಅಂತಾರಲ್ಲ, ನಕ್ಷೆಯಲ್ಲಿ. ಹಾಗಂದ್ರೆ ಏನು?”

ಅಪ್ಪ ನಗಲಿಲ್ಲ. ಮಾಡಬೇಕಾದ ಮಂಚದ ಚಿತ್ರವನ್ನು ಗೋಡೆಗೆ ಅಂಟಿಸಿದ್ದ; ಅದನ್ನು ಕಿತ್ತು ತಂದ. “ಇಲ್ನೋಡಿ. ಇದು ಆರು ಇಂಚು ಇದೆ. ಮಂಚ ಆರು ಅಡಿ. ಕಾಗದದ ಮೇಲೆ ಒಂದು ಇಂಚು ಅಂದ್ರೆ ನೆಲದ ಮೇಲೆ ಒಂದು ಅಡಿ. ಅಷ್ಟೇ ನಿಮ್ಮ ಸ್ಕೇಲು. ಮಂಚದ ಬದಲು ಊರು ಅಂದ್ಕೊಳ್ಳಿ.”

ಮೇಷ್ಟ್ರು ಆ ಕಾಗದ ಹಿಡಿದು ಬಹಳ ಹೊತ್ತು ನೋಡಿದರು. “ಇಷ್ಟೇನಾ!” ಅಂದರು. ಆ ಮಾತಿನಲ್ಲಿ ಖುಷಿ ಎಷ್ಟಿತ್ತೋ ಸಿಟ್ಟೂ ಅಷ್ಟೇ ಇತ್ತು. “ನಾನು ಓದುವಾಗ ಇದನ್ನ ಯಾವ ಬಡ್ಡೀಮಗನೂ ಹೀಗೆ ಹೇಳಲೇ ಇಲ್ಲ. ಗೊತ್ತಾಗಲಿಲ್ಲ ಅಂದಿದ್ದಕ್ಕೆ ಮೈದಾನ ಸುತ್ತಿಸಿದ್ರು. ಸುತ್ತೀ ಸುತ್ತೀ ಡ್ರಿಲ್ ಮೇಷ್ಟ್ರೇ ಆಗಿಬಿಟ್ಟೆ.”

ಆಗ ಅಮ್ಮ ಕೆಲಸದಿಂದ ಬಂದಳು. ಅಮ್ಮ ಸಿಟಿ ಬಸ್ಸಿನ ಕಂಡಕ್ಟರ್. ವಿಷಯ ಕೇಳಿ, “ಉತ್ತರ ದಕ್ಷಿಣ ಕಟ್ಕೊಂಡು ಏನಾಗ್ಬೇಕು ಮೇಷ್ಟ್ರೇ? ಇಪ್ಪತ್ತು ವರ್ಷ ಆಯ್ತು, ಉತ್ತರ ಅನ್ನೋ ಸ್ಟಾಪಿನಲ್ಲಿ ಒಬ್ಬರೂ ಇಳಿದಿಲ್ಲ,” ಅಂದಳು.

ಮೇಷ್ಟ್ರು ಎದ್ದು ಹೋಗುವಾಗ ಒಳಕೋಣೆಯ ಬಾಗಿಲಲ್ಲಿ ನನ್ನ ಮುಖ ಕಂಡಿತು. ಬೆಚ್ಚಿಬಿದ್ದರು. “ನಾಳೆ ಇದು ಕ್ಲಾಸಿನಲ್ಲಿ ಗೊತ್ತಾದ್ರೆ ನಿನಗೆ ಮೈದಾನಕ್ಕೆ ನಾಲ್ಕು ಸುತ್ತು,” ಅಂದರು. ನಾಲ್ಕು ಸುತ್ತು ಓಡಿದೆ. ಬೇಜಾರೇನಾಗಲಿಲ್ಲ.

ಆದರೆ ಅವತ್ತಿನಿಂದ ಪಾಠ ಬದಲಾಯಿತು. ಓಟದ ಗೆರೆ ಹಾಕುವ ಸುಣ್ಣದ ಪುಡಿಯ ಡಬ್ಬಿ ಹಿಡಿದು ಮೇಷ್ಟ್ರು ನಮ್ಮನ್ನು ಮೈದಾನಕ್ಕೆ ಕರೆದುಕೊಂಡು ಹೋದರು. ಶಾಲೆಯ ಪ್ರತಿ ಗೋಡೆಯನ್ನೂ ಹೆಜ್ಜೆಯಲ್ಲಿ ಅಳೆಸಿದರು. ಹತ್ತು ಹೆಜ್ಜೆಗೆ ಒಂದು ಹೆಜ್ಜೆಯಂತೆ ಇಡೀ ಶಾಲೆಯನ್ನು ನೆಲದ ಮೇಲೆ ಸುಣ್ಣದಲ್ಲಿ ಬರೆಸಿದರು. ಸೂರ್ಯ ಹುಟ್ಟುವ ಕಡೆ ನೋಡಿ ಪೂರ್ವ ಹಿಡಿದು, ಅಲ್ಲಿಂದ ಎಡಕ್ಕೆ ತಿರುಗಿ ಉತ್ತರ ಬರೆಸಿದರು. ಎಡಕ್ಕೆ ತಿರುಗುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ.

“ಇನ್ನು ಚಿಹ್ನೆ,” ಅಂದರು. “ನಕ್ಷೆಯಲ್ಲಿ ಎಲ್ಲಾ ಬರೆಯೋಕಾಗಲ್ಲ. ಮರಕ್ಕೊಂದು ಗುರುತು, ಬಾವಿಗೊಂದು ಗುರುತು. ನೋಡಿದ ತಕ್ಷಣ ಗೊತ್ತಾಗಬೇಕು. ನೀವೇ ಮಾಡಿ.”

ಮಾಡಿದೆವು. ಯಾವಾಗಲೂ ಬೀಗ ಹಾಕಿರುವ ಹುಡುಗಿಯರ ಶೌಚಾಲಯಕ್ಕೆ ಕಾಲು ಹೆಣೆದು ನಿಂತ ಹುಡುಗಿ. ಸ್ಟಾಫ್ ರೂಮಿಗೆ ಮಲಗಿದ ಮನುಷ್ಯ. ಕೆಟ್ಟ ನಲ್ಲಿಗೆ ಒಂದು ಹನಿ ಕಣ್ಣೀರು. ದೊಡ್ಡಮೇಡಂ ಕೋಣೆಗೆ ರೇಡಿಯೋ ಒಂದು ದೊಡ್ಡ ತೆರೆದ ಬಾಯಿ ಬರೆದಳು, ಹಲ್ಲುಗಳ ಸಮೇತ.

ನಾವು ಮರೆತಿದ್ದೇನೆಂದರೆ, ನೆಲದ ಮೇಲಿನ ನಕ್ಷೆ ಮಹಡಿ ಮೇಲಿನಿಂದ ಚೆನ್ನಾಗಿ ಕಾಣುತ್ತದೆ. ತಲೆಯೆತ್ತಿದರೆ ದೊಡ್ಡಮೇಡಂ ಮೇಲಿನ ವರಾಂಡದ ಕಂಬಿ ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

“ಏನ್ರೀ ಅದು, ನನ್ನ ಕೋಣೆಯಲ್ಲಿ ಏನೋ ಬಾಯಿ ಬಿಟ್ಕೊಂಡಿದೆ?”

ಸೀಟಿ ಮೇಷ್ಟ್ರು ನೆಟ್ಟಗೆ ನಿಂತು ಹೇಳಿದರು: “ರೂಢಿ ಚಿಹ್ನೆ ಮೇಡಂ. ಪುಸ್ತಕದಲ್ಲಿದೆ.”

ದೊಡ್ಡಮೇಡಂ ಸ್ವಲ್ಪ ಹೊತ್ತು ನೋಡಿ ಒಳಗೆ ಹೋದರು. ಮಧ್ಯಾಹ್ನದ ಹೊತ್ತಿಗೆ ಶೌಚಾಲಯದ ಬೀಗ ತೆಗೆದಿತ್ತು. ಅವರು ನಕ್ಷೆಯನ್ನು ಪೂರ್ತಿ ಓದಿದ್ದರು ಅನ್ನುವುದಕ್ಕೆ ಅದೇ ಸಾಕ್ಷಿ. ಅವತ್ತಿನಿಂದ ನಮಗೆ ಮೇಷ್ಟ್ರ ಮೇಲೆ ಒಂದು ಥರಾ ಪ್ರೀತಿಯೇ ಬಂದುಬಿಟ್ಟಿತು. ನಮ್ಮನ್ನು ಬಿಟ್ಟುಕೊಡದ ಮೇಷ್ಟ್ರು ನಮಗೆ ಅದುವರೆಗೆ ಸಿಕ್ಕಿರಲಿಲ್ಲ.

ಅವರಿಗೂ ಹುಮ್ಮಸ್ಸು ಬಂತು. ಭೂಗೋಳದ ಬೀರುವಿನ ತಳದಲ್ಲಿ ನಮ್ಮೂರಿನದೇ ಒಂದು ಹಳೇ ನಕ್ಷೆ ಸಿಕ್ಕಿತು. ಸರ್ವೆಯವರು ಮಾಡಿದ್ದು, ಊರು, ಕೆರೆ, ಊರಾಚೆಯ ಗುಡ್ಡ, ಗುಡ್ಡದ ತುದಿಯ ಹಳೇ ಕಾವಲು ಗೋಪುರ, ಎಲ್ಲಾ ಇತ್ತು. “ಈ ನಕ್ಷೆ ಹಿಡ್ಕೊಂಡು, ದಾರಿಯಲ್ಲಿ ಯಾರನ್ನೂ ಕೇಳದೆ, ಗೋಪುರ ತಲುಪಬೇಕು,” ಅಂತ ಮೇಷ್ಟ್ರು ಘೋಷಿಸಿದರು. ಊಟದ ಬೆಲ್ ಹೊಡೆಯುವುದರೊಳಗೆ ವಾಪಸು ಬರಬೇಕು ಅನ್ನುವ ಷರತ್ತಿನ ಮೇಲೆ ದೊಡ್ಡಮೇಡಂ ಒಪ್ಪಿದರು.

ನಕ್ಷೆ ಮಡಿಕೆಗಳಲ್ಲಿ ಹರಿಯುತ್ತಿತ್ತು. ಅದನ್ನು ಒಂದು ತೆಳು ಹಲಗೆಗೆ ಅಂಟಿಸಿಕೊಂಡು ಬಾ ಅಂತ ಮೇಷ್ಟ್ರು ನನಗೆ ಕೊಟ್ಟರು. ಅಪ್ಪನ ಹತ್ತಿರ ಇದ್ದ ಹಲಗೆಗಿಂತ ನಕ್ಷೆ ಒಂದು ಅಂಗೈಯಷ್ಟು ದೊಡ್ಡದು. ಅಪ್ಪ ಆಚೆ ಹೋಗಿದ್ದ. ನಾನು ಕತ್ತರಿ ತೆಗೆದುಕೊಂಡು ಕೆಳಗಿನ ಅಂಚನ್ನು ಕತ್ತರಿಸಿಬಿಟ್ಟೆ. ಅದರಲ್ಲಿ ಊರೇನೂ ಇರಲಿಲ್ಲ. ಚಿಕ್ಕ ಚಿಕ್ಕ ಚಿತ್ರ, ಪಕ್ಕದಲ್ಲಿ ಒಂದಿಷ್ಟು ಬರಹ. ಆ ತುಂಡನ್ನು ಅಮ್ಮ ಸಕ್ಕರೆ ಡಬ್ಬಿಯ ತಳಕ್ಕೆ ಹಾಸಿದಳು.

ಶನಿವಾರ ಒಂಬತ್ತಕ್ಕೆ ಹೊರಟೆವು. ಮೇಷ್ಟ್ರು ಮುಂದೆ, ನಾವು ಜೋಡಿ ಸಾಲಿನಲ್ಲಿ ಹಿಂದೆ. ಕೆರೆಯ ಏರಿ ನಕ್ಷೆಯಲ್ಲಿದ್ದ ಕಡೆಯೇ ಸಿಕ್ಕಿತು. ಹಳೇ ಇಟ್ಟಿಗೆ ಗೂಡು ಸಿಕ್ಕಿತು. ಒಂದೊಂದು ಸಿಕ್ಕಾಗಲೂ ಮೇಷ್ಟ್ರು ಸೀಟಿ ಊದಿದರು. ಗುಡ್ಡದ ಬುಡಕ್ಕೆ ಬಂದಾಗ ನಿಂತು ನಕ್ಷೆ ತೋರಿಸಿದರು.

“ಇಲ್ನೋಡಿ. ಈ ಕೆಂಪು ಗೆರೆ ಬಸ್ ರಸ್ತೆ, ಗುಡ್ಡದ ಆ ಕಡೆಯಿಂದ ಬಳಸಿಕೊಂಡು ಹೋಗುತ್ತೆ. ಅದು ನಮಗೆ ಬೇಡ. ಈ ಕಂದು ಗೆರೆ ನೋಡಿ, ಎಷ್ಟೊಂದು ದಾರಿ! ಗುಡ್ಡದ ತುಂಬಾ ದಾರಿ. ನಂಬರ್ ಬೇರೆ ಹಾಕಿದ್ದಾರೆ. ಆರುನೂರ ಇಪ್ಪತ್ತನೇ ದಾರಿ ನಮಗೆ ಹತ್ತಿರ. ಹಿಡೀರಿ ಅದನ್ನ!”

ಆಶ್ಚರ್ಯವೆಂದರೆ ಅಲ್ಲಿ ನಿಜವಾಗಿಯೂ ಒಂದು ಕಾಲುದಾರಿ ಇತ್ತು. ದನಗಳು ತುಳಿದು ತುಳಿದು ಆದದ್ದು. ಹೊರಟೆವು. ದಾರಿ ಸಮತಟ್ಟಾಗಿ ಹಾಯಾಗಿತ್ತು. ಹಾಡು ಹೇಳಿದೆವು. ಒಂದು ಹೆಂಚಿನ ಮನೆ ಸಿಕ್ಕಿತು. ಅಂಗಳದಲ್ಲಿ ಒಬ್ಬ ಹೆಂಗಸು ಬಟ್ಟೆ ಒಣಹಾಕುತ್ತಿದ್ದಳು, ಪಕ್ಕದಲ್ಲಿ ಒಂಟಿ ಕೊಂಬಿನ ಆಡು. ನೀರು ಕೊಟ್ಟಳು. “ಎಲ್ಲಿಗೆ ಮಕ್ಕಳಾ?” ಅಂದಳು. ಯಾರನ್ನೂ ದಾರಿ ಕೇಳಬಾರದು ಅಂತ ನಿಯಮ, ಹೇಳಬಾರದು ಅಂತ ಏನಿರಲಿಲ್ಲ. “ಗೋಪುರಕ್ಕೆ ಅಕ್ಕಾ,” ಅಂದೆವು. ಅವಳು ಏನೋ ಹೇಳಲು ಬಾಯಿ ತೆರೆದಳು. ಮೇಷ್ಟ್ರು ಸೀಟಿ ಊದಿ ಮುಂದಕ್ಕೆ ನಡೆಸಿದರು.

ಒಂದು ಗಂಟೆ ನಡೆದೆವು. ಬಲಕ್ಕೆ ಗುಡ್ಡ, ಎಡಕ್ಕೆ ಬಯಲು. ಇನ್ನೊಂದು ಹೆಂಚಿನ ಮನೆ ಬಂತು. ಅಲ್ಲೂ ಒಬ್ಬ ಹೆಂಗಸು. ಅಲ್ಲೂ ಒಂದು ಆಡು.

“ಒಂಟಿ ಕೊಂಬು,” ಅಂದಳು ರೇಡಿಯೋ.

“ಇಲ್ಲಿಯ ಆಡುಗಳೆಲ್ಲಾ ಹಾಗೇ ಇರಬೇಕು,” ಅಂದರು ಮೇಷ್ಟ್ರು. ಆದರೆ ಅವರ ದನಿ ಸ್ವಲ್ಪ ಕೆಳಗಿಳಿದಿತ್ತು.

“ಮತ್ತೆ ಬಂದ್ರಾ?” ಅಂದಳು ಆ ಹೆಂಗಸು. ಮತ್ತೆ ನೀರು ಕೊಟ್ಟಳು. ಈ ಸಲ ಅವಳು ಕೇಳಲೂ ಇಲ್ಲ, ಹೇಳಲೂ ಇಲ್ಲ. ಬುಟ್ಟಿ ಬೋರಲು ಹಾಕಿ ಅದರ ಮೇಲೆ ಆರಾಮವಾಗಿ ಕೂತಳು, ಮುಂದೆ ಏನಾಗುತ್ತೆ ನೋಡೋಣ ಅನ್ನುವ ಹಾಗೆ.

ಮೇಷ್ಟ್ರು ನಕ್ಷೆಯ ಮೇಲೆ ಬೆರಳೋಡಿಸಿದರು. “ಈ ದಾರಿ ಸರಿ ಇಲ್ಲ. ಮೇಲಿನದು ಹಿಡಿಯೋಣ. ಆರುನೂರ ನಲವತ್ತು.” ಆರುನೂರ ನಲವತ್ತಕ್ಕೆ ಹೋಗಲು ಮುಳ್ಳು ಪೊದೆಗಳ ನಡುವೆ ನುಗ್ಗಬೇಕಾಯಿತು. ನುಗ್ಗಿದೆವು. ಅಲ್ಲಿ ದಾರಿಯ ಸುಳಿವೇ ಇಲ್ಲ. “ಹಳೇ ನಕ್ಷೆ ಅಲ್ವಾ, ದಾರಿ ಪೊದೆ ಬೆಳೆದು ಮುಚ್ಚಿಹೋಗಿದೆ,” ಅಂದರು. ಇಲ್ಲದ ದಾರಿಯಲ್ಲಿ ಕಲ್ಲು ದಾಟುತ್ತಾ, ಲಂಗ ಪ್ಯಾಂಟು ಹರಿದುಕೊಳ್ಳುತ್ತಾ ಇನ್ನೊಂದು ಗಂಟೆ. ಹೊಟ್ಟೆ ತಾಳ ಹಾಕತೊಡಗಿತು. ಒಬ್ಬ ಹುಡುಗ ಅಳು ಶುರು ಮಾಡಿದ. ಇನ್ನೊಬ್ಬ ತನ್ನ ಡಬ್ಬಿಯನ್ನು ಯಾರಿಗೂ ಕಾಣದಂತೆ ತೆರೆಯಲು ಹೋಗಿ ಎಂಟು ಜನರ ಕೈಗೆ ಸಿಕ್ಕಿಬಿದ್ದ.

ಪೊದೆಗಳು ಮುಗಿದವು. ಕೆಳಗೆ ನೋಡಿದೆವು. ಹೆಂಚಿನ ಮಾಡು. ಒಣಗಿದ ಬಟ್ಟೆಗಳನ್ನು ಆ ಹೆಂಗಸು ತೆಗೆದು ಮಡಿಸುತ್ತಿದ್ದಳು. ಆಡು ತಲೆಯೆತ್ತಿ ನಮ್ಮನ್ನು ನೋಡಿತು.

“ಇದೇನ್ ಮೇಷ್ಟ್ರೇ,” ಅಂತ ಅವಳು ಕೆಳಗಿನಿಂದ ಕೂಗಿದಳು, “ಗಾಣದೆತ್ತಿಗೂ ಸಂಜೆಗೆ ಬಿಡುವು ಕೊಡ್ತಾರೆ!”

ಮೇಷ್ಟ್ರು ಒಂದು ಬಂಡೆಯ ಮೇಲೆ ಕೂತುಬಿಟ್ಟರು. ಅವರು ಕೂತಿದ್ದನ್ನು ನಾವು ಅದುವರೆಗೆ ನೋಡಿಯೇ ಇರಲಿಲ್ಲ. ನಾನು ಹತ್ತಿರ ಹೋಗಿ ಹಲಗೆ ನೋಡಿದೆ. ನಮ್ಮ ಗೆರೆ ಗುಡ್ಡವನ್ನು ಒಂದು ಬಳೆಯ ಹಾಗೆ ಸುತ್ತಿ ತನ್ನನ್ನೇ ಬಂದು ಸೇರಿತ್ತು. ಅದರ ಒಳಗೆ ಇನ್ನೊಂದು ಬಳೆ. ಅದರ ಒಳಗೆ ಮತ್ತೊಂದು. ಗೋಪುರ ಎಲ್ಲಾ ಬಳೆಗಳ ನಡುವೆ. ಯಾವ ಗೆರೆಯೂ ಇನ್ನೊಂದನ್ನು ಮುಟ್ಟಿರಲಿಲ್ಲ. ಆರುನೂರ ಇಪ್ಪತ್ತು, ಆರುನೂರ ನಲವತ್ತು, ಆರುನೂರ ಅರವತ್ತು.

“ಸಾರ್,” ಅಂದೆ, “ಬೆಳಿಗ್ಗೆಯಿಂದ ಇಷ್ಟು ನಡೆದ್ವಲ್ಲ, ಎಲ್ಲಾದ್ರೂ ಏದುಸಿರು ಬಂತಾ?”

“ಇಲ್ಲ. ಪೊದೆಯಲ್ಲಿ ನುಗ್ಗಿದಾಗ ಬಂತು. ಯಾಕೆ?”

“ಅಂದ್ರೆ ನಾವು ಹತ್ತಿದ್ದು ಆಗ ಮಾತ್ರ. ಗೆರೆ ಮೇಲೆ ನಡೆದಾಗ ಹತ್ತಲೂ ಇಲ್ಲ, ಇಳಿಯಲೂ ಇಲ್ಲ. ಆ ನಂಬರ್ ದಾರೀದಲ್ಲ ಸಾರ್, ಎತ್ತರದ್ದು. ಗೆರೆ ಉದ್ದಕ್ಕೂ ಎತ್ತರ ಒಂದೇ.”

ಮೇಷ್ಟ್ರು ನಕ್ಷೆ ನೋಡಿದರು. ಗುಡ್ಡ ನೋಡಿದರು. ಕೆಳಗಿನ ಆಡನ್ನು ನೋಡಿದರು. “ಚಿಹ್ನೆಗಳ ಪಟ್ಟಿ ಇರಬೇಕಲ್ಲ, ಅದರಲ್ಲಿ ಕಂದು ಗೆರೆ ಅಂದ್ರೇನು ಅಂತ ಇರುತ್ತೆ. ಎಲ್ಲಿ ಅದು?”

ನಾನು ನಕ್ಷೆಯ ಕತ್ತರಿಸಿದ ಅಂಚು ಮುಟ್ಟಿ ತೋರಿಸಿದೆ. “ನಮ್ಮನೆ ಸಕ್ಕರೆ ಡಬ್ಬಿ ತಳದಲ್ಲಿದೆ ಸಾರ್.”

ಬೈಗುಳಕ್ಕೆ ಕಾದೆ. ಅವರು ಎದ್ದು ನಿಂತು ಎಲ್ಲರನ್ನೂ ಕೂರಿಸಿದರು. ಸೀಟಿಯನ್ನು ಕೊರಳಿನಿಂದ ತೆಗೆದು ಜೇಬಿಗೆ ಹಾಕಿಕೊಂಡರು.

“ಮಕ್ಕಳೇ, ಒಂದು ವಿಷಯ. ಬೆಳಿಗ್ಗೆಯಿಂದ ನಿಮ್ಮನ್ನ ನಡೆಸಿದ ದಾರಿ, ದಾರಿಯೇ ಅಲ್ಲ. ಈ ಗೆರೆ ಏನು ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತಾನೂ ಗೊತ್ತಿರಲಿಲ್ಲ. ಮುಂದಿನ ಪಾಠ ಓದ್ಕೊಂಡು ಬಂದಿದ್ರೆ ನಿಮ್ಮ ಕಾಲು ಉಳೀತಿತ್ತು. ತಪ್ಪು ನಂದು.”

ಮೇಷ್ಟ್ರೊಬ್ಬರು ಹೀಗೆ ಹೇಳಿದರೆ ಏನು ಮಾಡಬೇಕು ಅಂತ ನಮಗೆ ಯಾರೂ ಕಲಿಸಿರಲಿಲ್ಲ. ಅಳುತ್ತಿದ್ದ ಹುಡುಗನೂ ಅಳು ನಿಲ್ಲಿಸಿದ. ಆಮೇಲೆ ರೇಡಿಯೋ ಮೊದಲು ಕಿಸಕ್ಕೆಂದಳು, ಅವಳಿಂದ ಪಕ್ಕದವಳಿಗೆ, ಅಲ್ಲಿಂದ ಇನ್ನೊಬ್ಬನಿಗೆ. ಕೊನೆಗೆ ಮೇಷ್ಟ್ರೂ ನಕ್ಕರು. ಕೆಳಗೆ ಅಂಗಳದಲ್ಲಿ ಆ ಹೆಂಗಸೂ ನಗುತ್ತಿದ್ದಳು, ವಿಷಯ ಏನೆಂದು ಗೊತ್ತಿಲ್ಲದೆ.

“ಸರಿ. ಈಗ ಹತ್ತಬೇಕು ಅಂದ್ರೆ?” ಅಂದರು.

“ಗೆರೆ ಹಿಡಿಯೋದಲ್ಲ ಸಾರ್, ಗೆರೆ ದಾಟಬೇಕು.”

ನಕ್ಷೆಯಲ್ಲಿ ಒಂದು ಕಡೆ ಗೆರೆಗಳು ಒಂದರ ಮೇಲೊಂದು ಬಿದ್ದ ಹಾಗೆ ಒತ್ತಾಗಿದ್ದವು. ಇನ್ನೊಂದು ಕಡೆ ದೂರ ದೂರ. ಯಾವ ಕಡೆ ಸುಲಭ ಅನ್ನುವುದಕ್ಕೆ ಎರಡು ಪಕ್ಷಗಳಾದವು. ಮೇಷ್ಟ್ರಿಗೆ ವಾದದಲ್ಲಿ ನಂಬಿಕೆ ಇರಲಿಲ್ಲ. ಐದೈದು ಜನರ ಎರಡು ತಂಡ ಮಾಡಿ, ಒಂದನ್ನು ಒತ್ತು ಗೆರೆಗಳ ಕಡೆ, ಇನ್ನೊಂದನ್ನು ಬಿಡಿ ಗೆರೆಗಳ ಕಡೆ ಓಡಿಸಿದರು. ಬಿಡಿ ಗೆರೆಯವರು ಮಾತಾಡುತ್ತಾ ಹತ್ತಿದರು. ಒತ್ತು ಗೆರೆಯವರು ನಾಲ್ಕು ಕಾಲಿನಲ್ಲಿ ಹತ್ತಿ, ಎರಡು ಸಲ ಕುಂಡಿಯ ಮೇಲೆ ಜಾರಿ ವಾಪಸು ಬಂದರು. ನಾನು ಒತ್ತು ಗೆರೆಯ ತಂಡದಲ್ಲಿದ್ದೆ. ಸಕ್ಕರೆ ಡಬ್ಬಿಯ ಶಿಕ್ಷೆ ಅಂತ ಆಮೇಲೆ ಗೊತ್ತಾಯಿತು.

ಎಲ್ಲರೂ ಬಿಡಿ ಗೆರೆಗಳ ಕಡೆಯಿಂದ ಹತ್ತಿ ಗೋಪುರ ತಲುಪಿದಾಗ ಒಂದೂವರೆ. ಊಟದ ಬೆಲ್ ಹೊಡೆದು ಎಷ್ಟೋ ಹೊತ್ತಾಗಿತ್ತು. ಆದರೆ ಮೇಲಿನಿಂದ ಕಂಡ ನೋಟಕ್ಕೆ ಹಸಿವು ಮರೆತುಹೋಯಿತು. ನಕ್ಷೆಯನ್ನು ನೆಲದ ಮೇಲಿಟ್ಟು, ಉತ್ತರವನ್ನು ಉತ್ತರಕ್ಕೆ ತಿರುಗಿಸಿದರು ಮೇಷ್ಟ್ರು. ಹಲಗೆಯ ಮೇಲಿನ ನೀಲಿ ಮಚ್ಚೆ ಕೆಳಗೆ ಕೆರೆಯಾಗಿ ಹೊಳೆಯುತ್ತಿತ್ತು. ಚಿಕ್ಕ ಕರಿ ಚೌಕ ನಮ್ಮ ಶಾಲೆ. “ನಮ್ಮನೆ! ಅಗೋ ನಮ್ಮನೆ!” ಅಂತ ಎಲ್ಲರೂ ತಮ್ಮ ತಮ್ಮ ಮನೆ ಹುಡುಕಿದೆವು. ಮೇಷ್ಟ್ರು ಒಮ್ಮೆ ಕೆಳಗೆ, ಒಮ್ಮೆ ಹಲಗೆಯ ಕಡೆ, ಮತ್ತೆ ಕೆಳಗೆ ನೋಡುತ್ತಿದ್ದರು. ಅವರ ಮುಖ ಆಗ ನಮ್ಮ ಕ್ಲಾಸಿನ ಯಾವ ಹುಡುಗನ ಮುಖವಾದರೂ ಆಗಬಹುದಿತ್ತು.

ಆಗ ಗುಡ್ಡದ ಆಚೆ ಬದಿಯಲ್ಲಿ ಬಸ್ಸು ನಿಂತ ಸದ್ದು. ಮೊದಲು ಕೆಮ್ಮು ಕೇಳಿಸಿತು. ಎಲ್ಲರೂ ಗೋಪುರದ ಗೋಡೆಗೆ ಅಂಟಿಕೊಂಡೆವು.

ದೊಡ್ಡಮೇಡಂ ಬಂದರು. ಹಿಂದೆಯೇ ನಮ್ಮಮ್ಮ, ಹೆಗಲಲ್ಲಿ ಟಿಕೆಟ್ ಚೀಲ. ಊಟದ ಬೆಲ್ ಆದರೂ ನಾವು ಬರದೆ ಇದ್ದಾಗ ದೊಡ್ಡಮೇಡಂ ಗುಡ್ಡದ ಕಡೆ ಹೋಗುವ ಬಸ್ಸು ಹತ್ತಿದ್ದರು. ಅದು ಅಮ್ಮನದೇ ಬಸ್ಸು.

“ನನ್ನ ಮಕ್ಕಳೆಲ್ಲಿ?” ಅಂದರು. ಮಕ್ಕಳು ಕಣ್ಣ ಮುಂದೆಯೇ ಇದ್ದೆವು. ಒಬ್ಬೊಬ್ಬರನ್ನೇ ಎಣಿಸಿದರು. ಮೂವತ್ತೊಂದು ಆಯಿತು. ಆಮೇಲೆ ಶುರುವಾಯಿತು ನೋಡಿ! ಸುಣ್ಣದ ನಕ್ಷೆಯಲ್ಲಿ ರೇಡಿಯೋ ಬರೆದ ಬಾಯಿ ಎಷ್ಟು ಸರಿಯಾದ ಅಳತೆಯದು ಅಂತ ನಮಗೆ ಆಗ ಗೊತ್ತಾಯಿತು.

ಮೇಷ್ಟ್ರು ತಲೆ ತಗ್ಗಿಸಿ ಎಲ್ಲಾ ಕೇಳಿಸಿಕೊಂಡರು. “ದಾರಿ ತಪ್ಪಿತು ಮೇಡಂ,” ಅಂದರು.

“ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಕೊಡಿ ಇಲ್ಲಿ ಆ ನಕ್ಷೆ.” ಹಲಗೆ ಕಿತ್ತುಕೊಂಡು ಕನ್ನಡಕ ಏರಿಸಿದರು. ಗುಡ್ಡದ ಮೇಲೆ ಬೆರಳಿಟ್ಟರು. ಬೆರಳು ಕಂದು ಗೆರೆಯ ಮೇಲೆ ಸುತ್ತತೊಡಗಿತು. “ಇದೇನ್ರೀ ಇದು! ಗುಡ್ಡದ ತುಂಬಾ ಇಷ್ಟೊಂದು ದಾರಿ ಇದೆ. ನಂಬರ್ ಸಮೇತ ಹಾಕಿಕೊಟ್ಟಿದ್ದಾರೆ. ಇದರಲ್ಲಿ ಒಂದನ್ನಾದರೂ ಹಿಡಿದು ಬರೋಕೆ ಆಗಲಿಲ್ವಾ ನಿಮಗೆ?”

ನನ್ನ ಪಕ್ಕದಲ್ಲಿ ರೇಡಿಯೋ ನಡುಗುತ್ತಿದ್ದಳು, ಒಳಗಿನಿಂದ ನಗು ಗುದ್ದುತ್ತಿತ್ತು. ಅವಳು ಬಾಯಿ ತೆರೆದದ್ದೇ ತಡ, ಮೇಷ್ಟ್ರು ಜೇಬಿನಿಂದ ಸೀಟಿ ತೆಗೆದು ಊದಿದರು. “ಅಟೆನ್ಷನ್!”

ಮೂವತ್ತೊಂದು ಹಿಮ್ಮಡಿಗಳು ಟಪ್ಪೆಂದವು. ಬಾಯಿಗಳು ಮುಚ್ಚಿದವು.

“ಹೌದು ಮೇಡಂ,” ಅಂದರು ಮೇಷ್ಟ್ರು. “ಹಿಡಿಯೋಕೆ ಆಗಲಿಲ್ಲ.”

ಎಲ್ಲರನ್ನೂ ಬಸ್ಸಿಗೆ ಹತ್ತಿಸಿದರು. ಅಮ್ಮ ನನ್ನ ಹರಿದ ಲಂಗ ನೋಡಿ, “ಮನೆಗೆ ನಡಿ, ಮಾಡ್ತೀನಿ,” ಅಂತ ಕಿವಿಯಲ್ಲಿ ಹೇಳಿ ತಲೆ ಸವರಿದಳು. ನಾನು ಮತ್ತು ರೇಡಿಯೋ ದೊಡ್ಡಮೇಡಂ ಸೀಟಿನ ಹಿಂದೆಯೇ ಕೂತೆವು. ದೊಡ್ಡಮೇಡಂ ದಡ್ಡರೇನಲ್ಲ. ಎರಡು ಸ್ಟಾಪು ದಾಟುವವರೆಗೆ ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ನೋಡುತ್ತಲೇ ಇದ್ದರು. ಆಮೇಲೆ, ನಮಗೆ ಕೇಳಿಸದು ಅಂದುಕೊಂಡು, ಪಕ್ಕದ ಸೀಟಿಗೆ ಬಾಗಿದರು.

“ಮೇಷ್ಟ್ರೇ, ಆಗ ಮಕ್ಕಳು ಯಾಕೆ ನಗೋಕೆ ಹೊರಟಿದ್ದು?”

“ಏನಿಲ್ಲ ಮೇಡಂ.”

“ಹೇಳ್ರೀ.”

ಮೇಷ್ಟ್ರು ಹೇಳಿದರು. ತಮ್ಮ ತಗ್ಗಿದ ದನಿಯಲ್ಲೇ ಹೇಳಿದರು, ಹಾಗಾಗಿ ಡ್ರೈವರಿಗೂ ಕೇಳಿಸಿತು. ಗೆರೆ ಅಂದರೆ ಎತ್ತರ, ಬಳೆಯೊಳಗೆ ಬಳೆ, ಒತ್ತಾದರೆ ಕಡಿದು, ದೂರವಾದರೆ ಇಳಿಜಾರು ಸಲೀಸು. ಹೆಂಚಿನ ಮನೆ, ಒಂಟಿ ಕೊಂಬಿನ ಆಡು, ಎಲ್ಲಾ ಹೇಳಿದರು. ದೊಡ್ಡಮೇಡಂ ತೊಡೆಯ ಮೇಲಿನ ಹಲಗೆಯನ್ನು ಬೋರಲು ಹಾಕಿದರು. ಅವರ ಕಿವಿ ಕೆಂಪಾಗಿತ್ತು. ಆಮೇಲೆ ಅವರ ಭುಜ ಅಲುಗತೊಡಗಿತು. ನಗುತ್ತಿದ್ದಾರೆ ಅಂತ ಗೊತ್ತಾಗಲು ನಮಗೆ ಸ್ವಲ್ಪ ಹೊತ್ತು ಬೇಕಾಯಿತು, ಮೊದಲು ನೋಡಿರಲಿಲ್ಲ ನೋಡಿ.

“ಸೋಮವಾರದಿಂದ ಒಂಬತ್ತನೇ ಕ್ಲಾಸಿಗೂ ಈ ಪಾಠ ನೀವೇ ಮಾಡಿ,” ಅಂದರು ಕಣ್ಣೊರೆಸಿಕೊಂಡು. “ಗುಡ್ಡಕ್ಕೆ ಮಾತ್ರ ಕರ್ಕೊಂಡು ಹೋಗಬೇಡಿ.”

“ಹೋಗದೆ ಹೇಗೆ ಬರುತ್ತೆ ಮೇಡಂ ಅದು?”

“ಹಾಗಾದ್ರೆ ಊಟ ಕಟ್ಕೊಂಡು ಹೋಗಿ. ನಾನೂ ಬರ್ತೀನಿ.”

ತಿಂಗಳ ಕೊನೆಗೆ ಪರೀಕ್ಷೆ. ‘ಸಮೋನ್ನತ ರೇಖೆ ಎಂದರೇನು?’ ಅಂತ ಒಂದು ಪ್ರಶ್ನೆ ಇತ್ತು. ಪುಸ್ತಕದಲ್ಲಿ ಕಂದು ಗೆರೆಗೆ ಆ ಹೆಸರು. ರೇಡಿಯೋ ಬರೆದಳು: ‘ಎಷ್ಟು ನಡೆದರೂ ಉದ್ಧಾರವಾಗದ ದಾರಿ.’ ಮೇಷ್ಟ್ರು ಪೂರ್ತಿ ಅಂಕ ಕೊಟ್ಟು, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ‘ಅನುಭವದ ಮಾತು, ಒಪ್ಪಿದೆ, ಪುಸ್ತಕದ ಮಾತನ್ನೂ ಕಲಿ’ ಅಂತ ಬರೆದರು. ನಮ್ಮ ಶಾಲೆಯಲ್ಲಿ ಒಂದು ಪ್ರಶ್ನೆಗೆ ಇಡೀ ಕ್ಲಾಸು ಸರಿಯುತ್ತರ ಬರೆದದ್ದು ಅದೇ ಮೊದಲಂತೆ, ಯಾರದ್ದನ್ನೂ ಯಾರೂ ನೋಡಿ ಬರೆಯದೆ. ಅದರ ಮುಂದಿನ ಪ್ರಶ್ನೆ ಮಣ್ಣಿನ ವಿಧಗಳ ಬಗ್ಗೆ ಇತ್ತು. ಅದರಲ್ಲಿ ಎಲ್ಲರೂ ಸೇರಿ ಮಣ್ಣು ಮುಕ್ಕಿದೆವು.